ಒಂದು ವೋಟು, ಒಂದು ಬಿಲ್

ನಿನ್ನೆ ರಾತ್ರಿ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡ್ತಾ ಕೂತಿದ್ದೆ. ಲೆಕ್ಕ ಹಾಕೋಕೆ ಅಂತ ಶುರು ಮಾಡಿದ್ದು, ಕೊನೆಗೆ ನನ್ನ ಜಾತಕವನ್ನೇ ಓದಿದ ಹಾಗಾಯ್ತು. ಬಾಯಲ್ಲಿ ಹೇಳೋ ಸಿದ್ಧಾಂತ ಒಂದು, ದುಡ್ಡು ಹೋಗಿರೋ ದಾರಿ ಇನ್ನೊಂದು. ವೋಟಿನ ಕಥೆಯೂ ಅಷ್ಟೇ. ದೊಡ್ಡ ಚುನಾವಣೆ ಬಂದ್ರೆ ವಾರಗಟ್ಟಲೆ ವಾದ ಮಾಡ್ತೀನಿ. ನಮ್ಮ ವಾರ್ಡಿಗೆ ಯಾರ್ಯಾರು ನಿಂತಿದ್ರು ಅಂದ್ರೆ ತಲೆ ಕೆರ್ಕೋತೀನಿ. ಚರಂಡಿ, ಬೀದಿದೀಪ, ಕಸ, ದಿನಾ ಬೈಕೊಳ್ಳೋದೆಲ್ಲ ಆ ಸಣ್ಣ ಚುನಾವಣೆಗೇ ಸೇರಿದ್ದು!

ಒಂದು ವೋಟಿಂದ ಏನಾಗತ್ತೆ ಅನ್ನೋರಿಗೆ (ನಾನೂ ಅನ್ನೋನೇ): 2017ರಲ್ಲಿ ಅಮೆರಿಕದ ವರ್ಜೀನಿಯಾ ಶಾಸನಸಭೆಯ ಒಂದು ಕ್ಷೇತ್ರದಲ್ಲಿ ಇಬ್ಬರು ಅಭ್ಯರ್ಥಿಗಳಿಗೂ ಸರಿಯಾಗಿ 11,608 ಮತ. ಕೊನೆಗೆ ಬಟ್ಟಲಿಗೆ ಹೆಸರು ಹಾಕಿ ಚೀಟಿ ಎತ್ತಿದರು. ಸದನದಲ್ಲಿ ಒಂದು ಪಕ್ಷದ ಬಹುಮತ ಉಳಿದದ್ದು ಆ ಚೀಟಿಯಿಂದ. ಅವತ್ತು ಮನೇಲಿ ಮಲಗಿದ್ದೋರ ಮುಖ ನೆನೆಸ್ಕೊಳ್ಳಿ.

ದುಡ್ಡು ಎಲ್ಲಿ ಖರ್ಚು ಮಾಡ್ತೀವೋ ಅದೂ ಒಂಥರಾ ವೋಟೇ ಅಂತಾರೆ, ಆದ್ರೆ ದುಡ್ಡಿನ ವಿಷಯ ಇಷ್ಟು ಸಲೀಸಲ್ಲ. 1955ರ ಡಿಸೆಂಬರಿನಲ್ಲಿ ಅಮೆರಿಕದ ಮಾಂಟ್‌ಗೊಮರಿ ಊರಿನ ಕಪ್ಪು ಜನ, ಬಸ್ಸಲ್ಲಿ ಬಣ್ಣ ನೋಡಿ ಸೀಟು ಕೊಡೋ ಪದ್ಧತಿ ವಿರೋಧಿಸಿ ಬಸ್ಸು ಹತ್ತೋದು ಬಿಟ್ಟರು, 381 ದಿನ. ಬಸ್ ಕಂಪನಿಗೆ ಪೆಟ್ಟು ಬಿತ್ತು, ಜೊತೆಗೆ ಆ ಪದ್ಧತಿ ವಿರುದ್ಧ ಕೋರ್ಟ್ ತೀರ್ಪೂ ಬಂತು. ಆದ್ರೆ ಅದು ಒಟ್ಟಾಗಿ ಮಾಡಿದ್ದು. ನಾನೊಬ್ಬ ಕೋಪ ಮಾಡ್ಕೊಂಡು ಒಂದು ಬ್ರ್ಯಾಂಡ್ ಬಿಟ್ಟರೆ ಅವರಿಗೆ ಗೊತ್ತೂ ಆಗಲ್ಲ. ಅಗ್ಗದ್ದು ಬಿಟ್ಟು ಒಳ್ಳೇದು ಆರಿಸೋ ಅನುಕೂಲ ಎಲ್ಲರಿಗೂ ಇಲ್ಲ ಬೇರೆ.

ಸದ್ಯಕ್ಕೆ, ತಿಂಗಳುಗಟ್ಟಲೆ ತೆರೆದೂ ನೋಡದ ಎರಡು ಸಬ್‌ಸ್ಕ್ರಿಪ್ಷನ್ ರದ್ದು. ಮತದಾರರ ಪಟ್ಟಿಯಲ್ಲಿ ಹೆಸರು ಹುಡುಕಿದೆ. ಇದೆ, ಹಳೇ ವಿಳಾಸದಲ್ಲಿ. ತಿದ್ದುಪಡಿ ಅರ್ಜಿ ಅರ್ಧ ತುಂಬಿ ಇಟ್ಟಿದ್ದೀನಿ.