ಸೋಲ್ ಬೀದಿಗಳಲ್ಲಿ ಕಸದ ಬುಟ್ಟಿ ಯಾಕೆ ಕಾಣುವುದಿಲ್ಲ

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್ ಸುತ್ತಿಬಂದವರ ವಿಡಿಯೊಗಳಲ್ಲಿ ಈ ಮಾತು ತಪ್ಪುವುದಿಲ್ಲ: ‘ಬೀದಿಯಲ್ಲಿ ಕಸದ ಬುಟ್ಟಿಯೇ ಇಲ್ಲ, ಆದರೂ ಎಷ್ಟು ಚೊಕ್ಕಟ! ಶಿಸ್ತು ಇವರ ರಕ್ತದಲ್ಲೇ ಇದೆ.’ ಭಾನುವಾರ ಬೆಳಗಿನ ಜಾವ ಹೊಂಗ್‌ಡೆಯ ಕ್ಲಬ್ ಬೀದಿಗಳಲ್ಲಿ, ಹೂಕುಂಡಗಳ ಮೇಲೆ ಸಾಲಾಗಿ ಕೂತ ಕಾಫಿ ಲೋಟಗಳನ್ನು ಕಂಡವರು ಹಾಗೆ ಹೇಳಲಾರರು. ಆ ಚೊಕ್ಕಟದ ಬಹುಪಾಲು ಕೆಲಸವನ್ನು ಮಾಡುತ್ತಿರುವುದು ದುಡ್ಡು ಕೊಟ್ಟು ಕೊಳ್ಳಬೇಕಾದ ಒಂದು ಪ್ಲಾಸ್ಟಿಕ್ ಚೀಲ.

1978ರಿಂದ 1993ರವರೆಗೆ ಸೋಲ್ ತನ್ನ ಕಸವನ್ನೆಲ್ಲ ಹಾನ್ ನದಿಯ ದಡದ ನಾಂಜಿದೊದಲ್ಲಿ ಸುರಿಯಿತು. ಅಲ್ಲಿ ಹತ್ತಿರಹತ್ತಿರ ನೂರು ಮೀಟರ್ ಎತ್ತರದ ಎರಡು ಗುಡ್ಡಗಳೇ ಎದ್ದವು. ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುವ ಹಾನುಲ್ ಪಾರ್ಕ್ ಇರುವುದು ಅವುಗಳಲ್ಲೊಂದರ ಮೇಲೆ. 1995ರ ಜನವರಿಯಲ್ಲಿ ದೇಶದಾದ್ಯಂತ ಹೊಸ ನಿಯಮ ಬಂತು: ಎಷ್ಟು ಕಸವೋ ಅಷ್ಟು ಕಾಸು. ಸ್ಥಳೀಯ ಆಡಳಿತದ ಮುದ್ರೆಯಿರುವ ‘ಜೊಂಗ್‌ನ್ಯಾಂಗ್‌ಜೆ’ ಚೀಲದಲ್ಲಿ ಹಾಕದ ಕಸವನ್ನು ಒಯ್ಯುವುದಿಲ್ಲ. ಜನ ಏನು ಮಾಡಿದರು? ಚೀಲದ ದುಡ್ಡು ಉಳಿಸಲು ಮನೆಯ ಕಸ ತಂದು ಬೀದಿಯ ಬುಟ್ಟಿಗೆ ತುಂಬಿದರು. ಆಡಳಿತ ಬಹಳಷ್ಟು ಬುಟ್ಟಿಗಳನ್ನೇ ಎತ್ತಿಸಿತು. ವಿಡಿಯೊದವರು ಬೆರಗಾಗುವ ಬುಟ್ಟಿಯಿಲ್ಲದ ಬೀದಿಯ ಹಿಂದಿರುವುದು ಈ ಕಳ್ಳಾಟ.

ಕನ್ನಡಿಗರು ಓದಿಗೋ ಕೆಲಸಕ್ಕೋ ಅಲ್ಲಿ ಮನೆ ಮಾಡಿದರೆ ಮೊದಲ ವಾರವೇ ಇದು ಎದುರಾಗುತ್ತದೆ. ಚೀಲ ಸಿಗುವುದು ಸೂಪರ್ ಮಾರ್ಕೆಟ್‌ನಲ್ಲಿ, ಬೀದಿಬದಿಯ ಕನ್ವೀನಿಯೆನ್ಸ್ ಸ್ಟೋರ್‌ನಲ್ಲಿ. ಸಾಮಾನ್ಯವಾಗಿ ಕೌಂಟರ್ ಹಿಂದೆ ಇರುತ್ತದೆ, ಕೇಳಿ ಪಡೆಯಬೇಕು. ಸೋಲ್‌ನ ಬಹುತೇಕ ಕಡೆ 20 ಲೀಟರ್ ಚೀಲಕ್ಕೆ 490 ವೊನ್ ಆಸುಪಾಸು. ಒಬ್ಬರೇ ಇರುವ ಕೋಣೆಗೆ 10 ಲೀಟರಿನದೇ ಸಾಕು. ದೊಡ್ಡದು ತಂದರೆ ತುಂಬುವಷ್ಟರಲ್ಲಿ ನಾರುತ್ತದೆ. ಚೀಲದ ಮೇಲೆ ‘ಗು’, ಅಂದರೆ ನಗರದೊಳಗಿನ ಆಡಳಿತ ವಿಭಾಗದ ಹೆಸರಿರುತ್ತದೆ. ಬೇರೆ ಗುವಿಗೆ ಮನೆ ಬದಲಿಸಿದರೆ ಉಳಿದ ಚೀಲಗಳನ್ನು ಎಸೆಯಬೇಡಿ. ಹೊಸ ಬಡಾವಣೆಯ ಸಮುದಾಯ ಕೇಂದ್ರದಲ್ಲಿ ವಿಚಾರಿಸಿದರೆ ಅಂಟಿಸಿಕೊಳ್ಳಲು ಸ್ಟಿಕ್ಕರ್ ಕೊಡುತ್ತಾರೆ.

ಎಡವುವುದು ಹಸಿ ಕಸದಲ್ಲಿ. ಕಸಗುಂಡಿಯ ನಾತ ತಡೆಯಲಾರದೆ ಅಕ್ಕಪಕ್ಕದ ಊರಿನವರು ತಿರುಗಿಬಿದ್ದ ಮೇಲೆ (ಬೆಂಗಳೂರಿನ ಕಸ ಸುರಿಯುತ್ತಿದ್ದ ಮಂಡೂರು ನೆನಪಿರುವವರಿಗೆ ಬಿಡಿಸಿ ಹೇಳಬೇಕಿಲ್ಲ) 2005ರಿಂದ ಆಹಾರದ ಕಸವನ್ನು ನೇರವಾಗಿ ಹೂಳುವುದು ನಿಷಿದ್ಧ. ಅದರಲ್ಲಿ ಬಹಳಷ್ಟು ಪಶು ಆಹಾರ, ಗೊಬ್ಬರವಾಗುತ್ತದೆ. ಹಾಗಾಗಿ ಪ್ರಾಣಿ ತಿನ್ನಬಹುದಾದದ್ದು ಮಾತ್ರ ‘ಆಹಾರ’. ಮೂಳೆ, ಮೊಟ್ಟೆಯ ಸಿಪ್ಪೆ, ಈರುಳ್ಳಿ ಬೆಳ್ಳುಳ್ಳಿಯ ಒಣ ಸಿಪ್ಪೆ, ಚಹಾದ ಚರಟ, ಮಾವಿನ ಓಟೆಯಂಥ ಗಟ್ಟಿ ಬೀಜಗಳು, ಏಡಿಯ ಚಿಪ್ಪು ಇವೆಲ್ಲ ಸಾಮಾನ್ಯ ಕಸದ ಚೀಲಕ್ಕೆ. ಉಪ್ಪು ಹೆಚ್ಚಿರುವ ಗೊಚುಜಾಂಗ್ (ಮೆಣಸಿನ ಪೇಸ್ಟ್), ದ್ವೆಂಜಾಂಗ್ (ಸೋಯಾ ಪೇಸ್ಟ್) ಕೂಡ ಅಲ್ಲಿಗೇ; ಅದೇ ಲೆಕ್ಕದಲ್ಲಿ ನಮ್ಮ ಕೆಟ್ಟ ಉಪ್ಪಿನಕಾಯಿಯೂ. ತೆಂಗಿನ ಕರಟವನ್ನಂತೂ ಹಸಿ ಕಸಕ್ಕೆ ಸೇರಿಸಲೇಬಾರದು, ಕಸ ಅರೆಯುವ ಯಂತ್ರದ ಅಲಗು ಮುರಿಯಬಹುದು. ಗುವಿನಿಂದ ಗುವಿಗೆ ಸಣ್ಣಪುಟ್ಟ ವ್ಯತ್ಯಾಸವಿರುವುದರಿಂದ ಮನೆ ಮಾಲೀಕರನ್ನು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಹಲವು ಅಪಾರ್ಟ್‌ಮೆಂಟ್‌ಗಳಲ್ಲಿ ಹಸಿ ಕಸಕ್ಕೆ ಕಾರ್ಡ್ ತೋರಿಸಿದರೆ ಬಾಯಿ ತೆರೆಯುವ ಡಬ್ಬಗಳಿವೆ. ಸುರಿದದ್ದನ್ನು ತೂಗಿ ನಿಮ್ಮ ಮನೆಯ ಲೆಕ್ಕಕ್ಕೆ ಬರೆಯುತ್ತವೆ. ಸಾರು ಸೋಸದೆ ಸುರಿದರೆ ನೀರಿನ ತೂಕಕ್ಕೂ ದುಡ್ಡು ಕೊಟ್ಟಂತೆ. ಅದಕ್ಕೇ ಅಲ್ಲಿನವರು ರಾತ್ರಿ ಸಿಂಕ್‌ನಲ್ಲಿ ಸೋಸಲು ಬಿಟ್ಟು, ಬೆಳಿಗ್ಗೆ ಒಯ್ಯುತ್ತಾರೆ.

ಬಣ್ಣವಿಲ್ಲದ ನೀರಿನ ಬಾಟಲಿಗಳನ್ನು ಲೇಬಲ್ ಕಿತ್ತು, ಚಪ್ಪಟೆ ಮಾಡಿ, ಮುಚ್ಚಳ ಹಾಕಿ ಬೇರೆಯೇ ಇಡಬೇಕು. ಈ ನಿಯಮ ಬಂದದ್ದು 2020ರ ಡಿಸೆಂಬರಿನಲ್ಲಿ. ಎಣ್ಣೆ ಮೆತ್ತಿದ ಪಿಟ್ಜಾ ಡಬ್ಬ ಕಾಗದದ ಜೊತೆ ಹೋಗದು. ಮಂಚ, ಕುರ್ಚಿಗಳಿಗೆ ಶುಲ್ಕ ಕಟ್ಟಿ ಸ್ಟಿಕ್ಕರ್ ಅಂಟಿಸಿದ ಮೇಲೆಯೇ ಹೊರಗಿಡುವುದು.

ಗಲ್ಲಿಯ ಸಣ್ಣ ಕಟ್ಟಡಗಳಲ್ಲಿ ಕಾವಲುಗಾರರಿಲ್ಲ. ಗೊತ್ತುಪಡಿಸಿದ ದಿನ, ಸಾಮಾನ್ಯವಾಗಿ ಕತ್ತಲಾದ ಮೇಲೆ, ಕಸವನ್ನು ಬಾಗಿಲ ಮುಂದೆ ಇಡಬೇಕು. ಅಲ್ಲಿ ಕಳ್ಳತನದಿಂದ ಕಸ ಎಸೆಯುವವರೂ ಇದ್ದಾರೆ, ಅವರಿಗೆಂದೇ ಕ್ಯಾಮೆರಾಗಳೂ ಇವೆ. ದಂಡ 10 ಲಕ್ಷ ವೊನ್‌ವರೆಗೆ ಹೋಗಬಹುದು. ಕೆಲವೊಮ್ಮೆ ಸಿಬ್ಬಂದಿ ಚೀಲ ಬಿಚ್ಚಿ, ರಸೀತಿಯಲ್ಲೋ ಕೊರಿಯರ್ ಚೀಟಿಯಲ್ಲೋ ವಿಳಾಸ ಹುಡುಕಿ ಮನೆಗೆ ನೋಟಿಸ್ ಕಳಿಸುತ್ತಾರೆ.