ಬಕೆಟ್‌ಗೆ ಬೀಳುವ ಹನಿ

ಈಚೆಗೆ ಒಂದು ರಾತ್ರಿ ದೀಪ ಆರಿಸಿ ಮಲಗಿದ್ದೆ. ಫ್ಯಾನ್ ಹಾಕಿರಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದರೂ ಕರೆಂಟ್ ಹೋಗಿದ್ದು ತಕ್ಷಣ ಗೊತ್ತಾಯಿತು. ಅಡುಗೆಮನೆಯಲ್ಲಿ ಫ್ರಿಜ್ ನಿಂತಿತ್ತು.

ಆ ಫ್ರಿಜ್ ಬಂದು ಎಂಟು ವರ್ಷ ಆಯಿತು. ದಿನವೂ ಗುಂಯ್ ಅನ್ನುತ್ತಲೇ ಇತ್ತು ಅನ್ನುವುದು ಅದು ಸುಮ್ಮನಾದ ಮೇಲೆ ನನಗೆ ಕೇಳಿಸಿದ್ದು. ಒಂದೇ ಸಮನೆ ಬರುವ ಸದ್ದನ್ನು ಕಿವಿ ಸ್ವಲ್ಪ ಹೊತ್ತಿಗೆಲ್ಲ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅಲ್ವಾ? ಗಡಿಯಾರವೂ ಹಾಗೇ. ನಿಂತ ದಿನ ಕೋಣೆಯಲ್ಲಿ ಏನೋ ಕಡಿಮೆಯಾಗಿದೆ ಅನ್ನಿಸುತ್ತದೆ, ಏನು ಅಂತ ಹೊಳೆಯುವುದಿಲ್ಲ.

ಫ್ರಿಜ್ ಬಿಟ್ಟುಕೊಟ್ಟ ಜಾಗಕ್ಕೆ ಇನ್ನೊಂದು ಸದ್ದು ಬಂತು. ಬಾತ್‌ರೂಮಿನಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು.

ಎದ್ದು ಹೋದೆ. ಗಟ್ಟಿಯಾಗಿ ತಿರುಗಿಸಿದೆ. ಊಹೂಂ, ನಿಲ್ಲಲಿಲ್ಲ. ನಿದ್ದೆ ಹೇಗೂ ಹಾರಿಹೋಗಿತ್ತು. ಸ್ಟೂಲ್ ಎಳೆದುಕೊಂಡು, ಮೊಬೈಲ್ ಟಾರ್ಚ್ ಹಾಕಿಕೊಂಡು ಸುಮ್ನೆ ನೋಡುತ್ತಾ ಕೂತೆ. ನಲವತ್ತೇಳು ವರ್ಷದ ಮನುಷ್ಯ ರಾತ್ರಿ ಒಂದೂವರೆಗೆ ಮಾಡುವ ಕೆಲಸವಲ್ಲ, ಗೊತ್ತು.

ನಲ್ಲಿಯ ತುಟಿಯಲ್ಲಿ ನೀರು ಮೊದಲು ಚಪ್ಪಟೆಯಾಗಿ ಅಂಟಿಕೊಂಡಿರುತ್ತದೆ. ಆಮೇಲೆ ಮೆಲ್ಲಗೆ ಹೊಟ್ಟೆ ಬಿಡುತ್ತದೆ. ಟಾರ್ಚಿನ ಬೆಳಕು ಅದರೊಳಗೆ ಒಂದು ಚುಕ್ಕಿಯಾಗಿ ನಡುಗುತ್ತದೆ. ಇನ್ನೇನು ಬೀಳಬೇಕು ಅನ್ನುವಾಗ ಮೇಲ್ಗಡೆ ಕತ್ತು ಸಣ್ಣಗಾಗಿ, ದಾರದಷ್ಟಾಗಿ, ಕಿತ್ತುಕೊಳ್ಳುತ್ತದೆ. ಮುಕ್ಕಾಲು ತುಂಬಿದ ಬಕೆಟ್ಟಿನಲ್ಲಿ ಉಂಗುರ ಎದ್ದು ಅಂಚಿಗೆ ತಾಗಿ ವಾಪಸ್ ಬರುತ್ತದೆ. ನಡುವಿಗೆ ಬಂದು ತಣ್ಣಗಾಗುವ ಹೊತ್ತಿಗೆ ಮುಂದಿನ ಹನಿ ರೆಡಿ. ಎಣಿಸಿದೆ, ನಾಲ್ಕು ಸೆಕೆಂಡಿಗೊಂದು.

ಆಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು, ಅಲ್ಲ, ಕಿವಿಗೆ. ಎಲ್ಲ ಹನಿಯೂ ಸದ್ದು ಮಾಡುತ್ತಿರಲಿಲ್ಲ. ಒಂದು ‘ಟಿಣ್ಕ್’ ಅಂದರೆ ಇನ್ನೊಂದು ಅಷ್ಟೇ ದಪ್ಪದ್ದು, ಅಷ್ಟೇ ಎತ್ತರದಿಂದ ಬಿದ್ದು ಸದ್ದಿಲ್ಲದೆ ನೀರಾಗಿಬಿಡುತ್ತಿತ್ತು.

ಬೆಳಿಗ್ಗೆ ಕೂತು ಇದರ ಬಗ್ಗೆ ಓದಿದೆ. ಹನಿ ನೀರಿಗೆ ಬಡಿದಾಗ ಸದ್ದು ಹುಟ್ಟುತ್ತದೆ ಅಂತ ನಾನು ಅಂದುಕೊಂಡಿದ್ದೆ. ಆ ಬಡಿತ ಹೆಚ್ಚುಕಡಿಮೆ ನಿಶ್ಶಬ್ದವಂತೆ! ಬಿದ್ದ ಹನಿ ನೀರಿನಲ್ಲಿ ಸಣ್ಣ ಗುಳಿ ಮಾಡುತ್ತದೆ. ಗುಳಿ ಮುಚ್ಚಿಕೊಳ್ಳುವ ಅವಸರದಲ್ಲಿ ಒಂದು ಪುಟ್ಟ ಗಾಳಿಗುಳ್ಳೆ ಕೆಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಆ ಗುಳ್ಳೆ ಹಿಗ್ಗಿ ಕುಗ್ಗಿ ನಡುಗುವಾಗ ಮೇಲಿನ ನೀರೂ ನಡುಗುತ್ತದೆ, ನಮಗೆ ಕೇಳುವುದು ಅದು. ಗುಳ್ಳೆ ಸಿಕ್ಕಿಕೊಳ್ಳದಿದ್ದರೆ ಸದ್ದಿಲ್ಲ. ನನ್ನ ಮೂಕ ಹನಿಗಳ ಗುಟ್ಟು ಇದೇ ಇರಬೇಕು. 2018ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು ಹೈಸ್ಪೀಡ್ ಕ್ಯಾಮೆರಾ, ನೀರಿನೊಳಗೊಂದು ಮೈಕು, ಹೊರಗೊಂದು ಮೈಕು ಇಟ್ಟು ಇದನ್ನು ಬಿಡಿಸಿ ತೋರಿಸಿದರು. ಆ ಸಂಶೋಧನೆಯ ಮುಂದಾಳು ಅನುರಾಗ್ ಅಗರ್ವಾಲ್ ಅವರಿಗೆ ಈ ಪ್ರಶ್ನೆ ಹುಟ್ಟಿದ್ದು ಗೆಳೆಯರೊಬ್ಬರ ಮನೆಯಲ್ಲಿ, ಸೋರುವ ಮಾಡಿನ ಕೆಳಗೆ ಇಟ್ಟಿದ್ದ ಬಕೆಟ್ಟಿನ ಸದ್ದು ಕೇಳುತ್ತಾ. ಓದಿ ನನಗೆ ಸಿಕ್ಕಾಪಟ್ಟೆ ಖುಷಿಯಾಯಿತು. ನಾನೂ ಸ್ಟೂಲ್ ಮೇಲೆ ಕೂತಿದ್ದೆನಲ್ಲ!

ಅವರೇ ಒಂದು ಉಪಾಯವನ್ನೂ ಹೇಳಿದ್ದಾರೆ. ಬಕೆಟ್ ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಸೋಪು ಬೆರೆಸಿದರೆ ಸದ್ದು ನಿಲ್ಲುತ್ತದೆ. ಸೋಪು ನೀರಿನ ಮೇಲ್ಮೈಯ ಬಿಗಿ ಸಡಿಲಿಸುತ್ತದೆ, ಗುಳ್ಳೆ ಸಿಕ್ಕಿಕೊಳ್ಳುವ ಆಟ ನಡೆಯುವುದಿಲ್ಲ. ಆಗಲೇ ಹೋಗಿ ನಾಲ್ಕು ತೊಟ್ಟು ಹಾಕಿ ಕೈಯಾಡಿಸಿದೆ. ಕಿವಿ ಹತ್ತಿರ ತಂದು ಕಾದೆ. ಹನಿ ಬೀಳುವುದು ಕಾಣುತ್ತದೆ, ಏನೂ ಕೇಳುವುದಿಲ್ಲ. ಟಿವಿ ಮ್ಯೂಟ್ ಮಾಡಿದ ಹಾಗೆ.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. “ಒಂದು ವಾಷರ್ ಹಾಕ್ಸೋದು ಬಿಟ್ಟು ಇಷ್ಟೆಲ್ಲ ಮಾಡ್ಬೇಕಾ?” ಅಂದಳು. ಉತ್ತರ ಇರಲಿಲ್ಲ.

ಅವತ್ತಿನಿಂದ ಒಂದು ಹಳೇ ಡೈರಿಯಲ್ಲಿ ದಿನಕ್ಕೆ ಒಂದು ಸದ್ದು, ಒಂದು ನೋಟ ಬರೆಯುತ್ತಿದ್ದೇನೆ. ‘ಸುಂದರ’, ‘ಮಧುರ’ ಅಂತ ಬರೆಯಬಾರದು ಅನ್ನುವುದೊಂದೇ ನಿಯಮ. ಎಷ್ಟು ಕಷ್ಟ ಗೊತ್ತಾ? ಶಾಲೆಯಲ್ಲಿ ಅನುಕರಣಾವ್ಯಯ ಅಂತ ಕಲಿತಿದ್ದೆವು. ಪಟಪಟ, ಸರಸರ, ದಬದಬ, ಚಟಚಟ. ಮಾರ್ಕ್ಸಿಗಾಗಿ ಬಾಯಿಪಾಠ ಮಾಡಿ ಮರೆತಿದ್ದ ಪದಗಳು ಈಗ ಕೆಲಸಕ್ಕೆ ಬರುತ್ತಿವೆ. ಆದರೂ ಸಾಲುವುದಿಲ್ಲ. ಪ್ಲಾಸ್ಟಿಕ್ ಕವರ್ ಮುದುರಿ ಎಸೆದ ಮೇಲೆ ಮೂಲೆಯಲ್ಲಿ ತಾನಾಗೇ ಬಿಚ್ಚಿಕೊಳ್ಳುತ್ತದಲ್ಲ, ಆ ಸದ್ದಿಗೆ ಏನನ್ನಬೇಕು? ಮೂರು ದಿನ ಹುಡುಕಿ ‘ಚುರುಪುರು’ ಅಂತ ನಾನೇ ಒಂದು ಮಾಡಿಕೊಂಡೆ.

ನೋಟಗಳಲ್ಲಿ ಒಂದನ್ನು ಹೇಳಿಬಿಡುತ್ತೇನೆ. ಬೆಳಗಿನ ಬಿಸಿಲು ಹೊರಗಿನ ಮರದ ಎಲೆಗಳ ನಡುವೆ ತೂರಿ ನಮ್ಮ ಗೋಡೆ ಮೇಲೆ ಬೀಳುತ್ತದೆ. ಎಲೆಗಳ ಸಂದಿ ಅಡ್ಡಾದಿಡ್ಡಿ. ಗೋಡೆ ಮೇಲಿನ ಬೆಳಕು ಮಾತ್ರ ದುಂಡಗೆ. ಒಂದೊಂದು ಸಂದಿಯೂ ಸೂರ್ಯನ ಚಿತ್ರ ಬಿಡಿಸುತ್ತಿರುವುದೇ ಅದಕ್ಕೆ ಕಾರಣ. ಸೂರ್ಯಗ್ರಹಣ ಅರ್ಧ ಹಿಡಿದಾಗ ಈ ಬಿಲ್ಲೆಗಳೂ ಕುಡುಗೋಲಾಗುತ್ತವೆ. ಸ್ಕೇಲ್ ಹಿಡಿದು ಅಳೆದೂ ನೋಡಿದೆ. ಎಲೆಯಿಂದ ಗೋಡೆಗೆ ಸುಮಾರು 3 ಮೀಟರ್, ಬಿಲ್ಲೆಯ ಅಗಲ 3 ಸೆಂಟಿಮೀಟರಿಗೆ ಚೂರು ಕಡಿಮೆ. ದೂರದ ನೂರರಲ್ಲೊಂದು ಪಾಲು ಅಂತ ಇಟ್ಟುಕೊಳ್ಳಿ.

ಸೋಪು ಹಾಕಿದ ದಿನಕ್ಕೆ ವಾಪಸ್ ಬರುತ್ತೇನೆ.

ಅಪ್ಪನಿಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಆದರೂ ಬಾಟಲಿಗೆ ನೀರು ತಾವೇ ತುಂಬಿಸಿಕೊಳ್ಳುತ್ತಾರೆ, ಒಂದು ಹನಿ ಚೆಲ್ಲುವುದಿಲ್ಲ. ನೀರು ಏರಿದ ಹಾಗೆ ಮೇಲಿನ ಗಾಳಿಯ ಜಾಗ ಗಿಡ್ಡವಾಗಿ ಸದ್ದು ಸಣ್ಣ ಗಂಟಲಿಗೆ ಹೋಗುತ್ತದಲ್ಲ, ಅದನ್ನು ಕೇಳಿ ನಿಲ್ಲಿಸುತ್ತಾರೆ. ಇಷ್ಟು ದಿನ ಅದು ಅವರ ಅಂದಾಜು ಅಂದುಕೊಂಡಿದ್ದೆ.

ಮಧ್ಯಾಹ್ನ ಫ್ಲಾಸ್ಕಿನಿಂದ ಅವರ ಲೋಟಕ್ಕೆ ನೀರು ಬಗ್ಗಿಸುತ್ತಿದ್ದೆ. ಅವರು ಪಕ್ಕದ ಕೋಣೆಯಲ್ಲಿ.

“ಬಿಸಿ ಜಾಸ್ತಿ ಇದೆ ಕಣೋ, ತಣ್ಣೀರು ಬೆರೆಸು” ಅಂದರು.

“ನಿಮಗೆ ಹೇಗೆ ಗೊತ್ತಾಯ್ತಪ್ಪಾ?”

“ಸದ್ದು ಬೇರೆ ಬರಲ್ವೇನೋ?”

ಎರಡು ಲೋಟ ತಂದು, ಕಣ್ಣು ಮುಚ್ಚಿಕೊಂಡು, ಬಿಸಿಯದ್ದನ್ನೂ ತಣ್ಣಗಿನದ್ದನ್ನೂ ಸುರಿದು ನೋಡಿದೆ. ನಿಜ. ಬಿಸಿನೀರಿನ ಸದ್ದು ಸ್ವಲ್ಪ ಮೆತ್ತಗೆ, ಮಂದ. ತಣ್ಣೀರಿನದ್ದು ಚುರುಕು. ನೀವೂ ಮಾಡಿ ನೋಡಿ, ಬಹಳ ಜನಕ್ಕೆ ಕೇಳಿಸಿಕೊಂಡೇ ಗೊತ್ತಾಗುತ್ತದೆ.

ಲೋಟ ಕೈಗೆ ಕೊಟ್ಟೆ. ಒಂದು ಗುಟುಕು ಕುಡಿದು ಅಪ್ಪ ಹೇಳಿದರು, “ಬಾತ್‌ರೂಮಿನ ನಲ್ಲಿ ಸರಿ ಮಾಡಿಸಿದ್ಯಲ್ಲ, ಒಳ್ಳೇದಾಯ್ತು. ಮೂರು ತಿಂಗಳಿಂದ ರಾತ್ರಿಯೆಲ್ಲ ತೊಟ್ಟಿಕ್ತಿತ್ತು.”

ಅಡುಗೆಮನೆಯಲ್ಲಿ ಹೆಂಡತಿ ನಗುವುದು ಕೇಳಿಸಿತು.