ಅತ್ತಿಗೆಯ ವೀಸಾ ಅರ್ಜಿ ತುಂಬಿದ ದಿನ

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದ ಅತ್ತಿಗೆಯ ವೀಸಾ ಅರ್ಜಿಯನ್ನು ಶಿರಸಿಯ ಮನೆಯಲ್ಲಿ ಕುಳಿತು ತುಂಬುವಾಗ, ಒಬ್ಬ ಗೃಹಿಣಿಯ ಬದುಕಿನ ಎಷ್ಟೊಂದು ಸಂಗತಿ ಪರದೇಶದ ಕಡತ ಸೇರುತ್ತದೆ ಎಂಬುದು ನನಗೆ ಮನದಟ್ಟಾಯಿತು. ಕಳೆದ ಐದು ವರ್ಷ ಬಳಸಿದ ಫೋನ್ ಸಂಖ್ಯೆ, ಫೇಸ್‌ಬುಕ್ ಖಾತೆ, ತಂದೆತಾಯಿಯ ಜನ್ಮದಿನಾಂಕ, ಮುಂದೆ ಹತ್ತೂ ಬೆರಳಿನ ಗುರುತು. "ಅಪ್ಪಯ್ಯ ಹುಟ್ಟಿದ ತಾರೀಕು ಅವ್ಕೆಂತಕ್ಕೆ ತಮಾ?" ಎಂದು ಅತ್ತಿಗೆ ಕೇಳಿದರು. ತವರಿನವರು ಕಳುಹಿಸಿದ ಜಾತಕದ ಫೋಟೊದಲ್ಲಿ ಸಂವತ್ಸರ, ತಿಥಿ, ನಕ್ಷತ್ರವಿತ್ತೇ ಹೊರತು ಇಸವಿಯಿರಲಿಲ್ಲ. ಕೊನೆಗೆ ‘ಗೊತ್ತಿಲ್ಲ’ ಎಂಬ ಚೌಕಕ್ಕೆ ಗುರುತು ಹಾಕಿದೆವು.

ಕೇಳುವುದು ಪರದೇಶ ಮಾತ್ರವಲ್ಲ. 2022ರ ಆಗಸ್ಟ್‌ನಲ್ಲಿ ನಮ್ಮ ಸರ್ಕಾರವೂ ನಿಯಮ ಹೊರಡಿಸಿ, ಅಂತರರಾಷ್ಟ್ರೀಯ ವಿಮಾನ ಹೊರಡುವ 24 ಗಂಟೆ ಮೊದಲೇ ಪ್ರಯಾಣಿಕರ ಹೆಸರು, ಸಂಪರ್ಕ, ಹಣ ಪಾವತಿ, ಸಾಮಾನುಗಳ ವಿವರವನ್ನು ಸುಂಕ ಇಲಾಖೆಗೆ ಒಪ್ಪಿಸಬೇಕೆಂದು ವಿಮಾನಯಾನ ಸಂಸ್ಥೆಗಳಿಗೆ ಸೂಚಿಸಿತು. ಅದನ್ನು ಐದು ವರ್ಷ ಇಟ್ಟುಕೊಳ್ಳಬಹುದು, ಬೇರೆ ದೇಶಗಳೊಂದಿಗೆ ಹಂಚಿಕೊಳ್ಳಲೂ ಬಹುದು.

ಭಯೋತ್ಪಾದನೆಯನ್ನು ತಡೆಯಲು ದೇಶಗಳು ಪರಸ್ಪರ ಮಾಹಿತಿ ಕೊಡಬೇಕಾದೀತು, ಅದನ್ನು ನಾನು ಒಪ್ಪುತ್ತೇನೆ. ನನ್ನನ್ನು ಕಾಡುವುದು ಆ ಮಾಹಿತಿಯೊಳಗಿನ ತಪ್ಪು. ನಮ್ಮದೇ ರಾಜ್ಯದ ವೈದ್ಯ ಮೊಹಮ್ಮದ್ ಹನೀಫ್ ಅವರನ್ನು 2007ರ ಜುಲೈ 2ರಂದು ಆಸ್ಟ್ರೇಲಿಯಾದ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಲಾಯಿತು. ಅವರು ಬ್ರಿಟನ್ನಿನಲ್ಲಿ ಬಂಧುವಿಗೆ ಕೊಟ್ಟುಬಂದಿದ್ದ ಸಿಮ್ ಕಾರ್ಡ್, ಅಲ್ಲಿನ ಗ್ಲಾಸ್ಗೋ ವಿಮಾನ ನಿಲ್ದಾಣದ ಮೇಲೆ ನಡೆದ ಭಯೋತ್ಪಾದಕ ದಾಳಿಯ ವಾಹನದಲ್ಲಿ ಸಿಕ್ಕಿತೆಂದು ನ್ಯಾಯಾಲಯದ ಮುಂದೆ ಹೇಳಲಾಯಿತು. ವಾಸ್ತವದಲ್ಲಿ ಅದು ಲಿವರ್‌ಪೂಲ್‌ನಲ್ಲಿತ್ತು. ಜುಲೈ 27ರಂದು ಆರೋಪ ಹಿಂಪಡೆಯುವಷ್ಟರಲ್ಲಿ ಅವರ ವೀಸಾ ರದ್ದಾಗಿತ್ತು, ಹೆಸರು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಾಗಿತ್ತು.

ನಮ್ಮ ಜಿಲ್ಲೆಯಲ್ಲಿ ನಾಯ್ಕ, ಗೌಡ, ಹೆಗಡೆ ಎಂದು ಕೂಗಿದರೆ ಅರ್ಧ ಊರು ಓಗೊಡುತ್ತದೆ. ಇಂಗ್ಲಿಷಿನಲ್ಲಿ ಅದೇ ಅಡ್ಡಹೆಸರನ್ನು ಅಣ್ಣ ಒಂದು ಬಗೆಯಲ್ಲಿ, ತಮ್ಮ ಇನ್ನೊಂದು ಬಗೆಯಲ್ಲಿ ಬರೆಯುವುದೂ ಉಂಟು. ಭಟ್ಕಳದಿಂದ ಗಲ್ಫ್‌ಗೆ ದುಡಿಯಲು ಹೊರಟ ಹುಡುಗನ ಹೆಸರು ಇನ್ಯಾರೋ ಶಂಕಿತನ ಹೆಸರಿಗೆ ತಾಳೆಯಾದರೆ, ತಾನು ಅವನಲ್ಲ ಎಂದು ಆತ ಯಾರ ಮುಂದೆ ಹೇಳಿಕೊಳ್ಳಬೇಕು? ತನ್ನ ಬಗ್ಗೆ ಏನು ಬರೆದಿದೆ ಎಂದು ನೋಡುವ, ತಪ್ಪಿದ್ದರೆ ತಿದ್ದಿಸುವ ಹಕ್ಕು ಅವನಿಗೆ ಬೇಕು. ಇದು ಅತಿಯಾಸೆಯೇನಲ್ಲ. ಕೆನಡಾದೊಡನೆ ಪ್ರಯಾಣಿಕರ ಮಾಹಿತಿ ಹಂಚಿಕೊಳ್ಳುವ ಒಪ್ಪಂದವನ್ನು ಇದ್ದ ರೂಪದಲ್ಲಿ ಒಪ್ಪಲಾಗದೆಂದ ಐರೋಪ್ಯ ಒಕ್ಕೂಟದ ನ್ಯಾಯಾಲಯ, ವಿವರ ಬಳಸಿಕೊಂಡಾಗ ಪ್ರಯಾಣಿಕರಿಗೆ ತಿಳಿಸಬೇಕೆಂದು 2017ರಲ್ಲೇ ಹೇಳಿದೆ. ನಮ್ಮ 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಮಾತ್ರ, ದೇಶದ ಭದ್ರತೆಯ ಹೆಸರಿನಲ್ಲಿ ಸರ್ಕಾರಿ ಸಂಸ್ಥೆಗಳನ್ನೇ ಕಾಯ್ದೆಯಿಂದ ಹೊರಗಿಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ.